ಕ್ಲಬ್ ರಾಣಿ ಯಾರ ಕೈಯಲ್ಲಿದ್ದರೂ ಆರು ಸ್ಪೇಡ್ ಗೆಲ್ಲುವ ಬಗೆ

ಸರ್, ನಮಸ್ಕಾರ. ಸರಸ್ವತಿಪುರಂನ ಭಾನುವಾರದ ಬ್ರಿಡ್ಜ್ ಆಟದಲ್ಲಿ ಆರು ಸ್ಪೇಡ್ (ಸ್ಪೇಡ್ ತುರುಫಿನಲ್ಲಿ 13ಕ್ಕೆ 12 ಟ್ರಿಕ್, ಅಂದರೆ ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು, ಗೆಲ್ಲುವ ಪಣ) ಒಂದೇ ಟ್ರಿಕ್ಕಿನಿಂದ ತಪ್ಪಿಹೋಯಿತು, ಕ್ಲಬ್ ರಾಣಿಗೆ ಯಾವ ಕಡೆಯಿಂದ ಫಿನೆಸ್ ಮಾಡಬೇಕಿತ್ತು ಎಂದು ಕೇಳಿದ್ದೀರಿ. ಫಿನೆಸ್ ಎಂದರೆ ಎದುರಾಳಿಯ ದೊಡ್ಡ ಎಲೆ ಇಂಥ ಕಡೆ ಇದೆ ಎಂದು ನಂಬಿ, ಅದಕ್ಕಿಂತ ಚಿಕ್ಕ ಎಲೆಯಿಂದಲೇ ಟ್ರಿಕ್ ಗೆಲ್ಲಲು ನೋಡುವುದು. ಯಾವ ಕಡೆಯಿಂದಲೂ ಬೇಡ ಎನ್ನುವುದೇ ನನ್ನ ಉತ್ತರ. ಆ ರಾಣಿ ಎಲ್ಲಿದ್ದಾಳೆಂದು ನೀವು ಊಹಿಸಬೇಕಾಗಿಯೇ ಇರಲಿಲ್ಲ. ಉಳಿದವರಿಗೂ ತಿಳಿಯಲೆಂದು ನೀವು ಕೊಟ್ಟ ಎಲೆಗಳನ್ನು ಮತ್ತೆ ಬರೆಯುತ್ತೇನೆ.

ಡಮ್ಮಿ (ಮೇಜಿನ ಮೇಲೆ ಬಿಚ್ಚಿಟ್ಟ ನಿಮ್ಮ ಜೊತೆಗಾರರ ಎಲೆಗಳು): ಸ್ಪೇಡ್ ರಾಜ, 10, 7, 3, ಹಾರ್ಟ್ ಎಕ್ಕ, 6, 3, ಡೈಮಂಡ್ ರಾಜ, 6, 4, ಕ್ಲಬ್ ಎಕ್ಕ, 10, 3.
ನಿಮ್ಮ ಕೈ: ಸ್ಪೇಡ್ ಎಕ್ಕ, ರಾಣಿ, ಗುಲಾಮ, 8, 5, ಹಾರ್ಟ್ ರಾಜ, 4, ಡೈಮಂಡ್ ಎಕ್ಕ, 7, 2, ಕ್ಲಬ್ ರಾಜ, ಗುಲಾಮ, 5.

ಪಶ್ಚಿಮದವರು ಹಾರ್ಟ್ ರಾಣಿ ಇಳಿಸಿದರು. ನೀವು ಅದನ್ನು ಗೆದ್ದು, ತುರುಫನ್ನು (ಬೇರೆ ಬಣ್ಣದ ಯಾವ ಎಲೆಯನ್ನೂ ಹೊಡೆಯುವ ಬಣ್ಣ, ಇಲ್ಲಿ ಸ್ಪೇಡ್) ನಾಲ್ಕು ಸುತ್ತು ಎಳೆದು, ಕ್ಲಬ್ ಫಿನೆಸ್‌ಗೆ ಕೈ ಹಾಕಿದಿರಿ. ರಾಣಿ ಸಿಗಲಿಲ್ಲ, ಕೊನೆಯಲ್ಲಿ ಒಂದು ಡೈಮಂಡ್ ಕೂಡ ಹೋಯಿತು.

ಡಮ್ಮಿ ಮೇಜಿನ ಮೇಲೆ ಬಂದ ಕೂಡಲೇ, ಒಂದು ಎಲೆಯನ್ನೂ ಮುಟ್ಟದೆ ಎಣಿಸೋಣ. ಸ್ಪೇಡ್ ಐದು, ಹಾರ್ಟ್ ಎರಡು, ಡೈಮಂಡ್ ಎರಡು, ಕ್ಲಬ್ ಎರಡು: ಒಟ್ಟು 11. ಬೇಕಾದದ್ದು 12. ಒಂದು ಡೈಮಂಡ್ ಸೋಲುವುದು ಖಚಿತ. ಹನ್ನೆರಡನೆಯದು ಕ್ಲಬ್‌ನಿಂದಲೇ ಬರಬೇಕು ಎಂದು ಕಾಣುತ್ತದೆ, ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಆದರೆ ಆ ಫಿನೆಸ್ ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ ಮಾತ್ರ. ಸೋಲಲೇಬೇಕಾದ ಆ ಡೈಮಂಡ್ ಟ್ರಿಕ್ಕನ್ನು ಯಾವಾಗ ಸೋಲಬೇಕು ಎನ್ನುವುದು ನಿಮ್ಮ ಕೈಯಲ್ಲಿದೆ. ಈ ಆಟದ ಕೀಲಿಯೇ ಅದು.

ಮೊದಲ ಹಾರ್ಟನ್ನು ಕೈಯಲ್ಲಿರುವ ರಾಜನಿಂದ ಗೆಲ್ಲಿ. ತುರುಫು ಎಳೆಯಿರಿ. ನಿಮ್ಮ ಆಟದಲ್ಲಿ ಅದು 3-1 ಹಂಚಿಕೆ (ಒಬ್ಬ ಎದುರಾಳಿಯಲ್ಲಿ ಮೂರು, ಇನ್ನೊಬ್ಬರಲ್ಲಿ ಒಂದು), ಮೂರು ಸುತ್ತಿಗೆ ಮುಗಿಯಿತು. ನಾಲ್ಕನೆಯ ಸುತ್ತನ್ನು ‘ಇರಲಿ’ ಎಂದು ಎಳೆದಿರಿ. ಡಮ್ಮಿಯ ಕೊನೆಯ ತುರುಫು ಅಲ್ಲೇ ಖಾಲಿಯಾಯಿತು. ನನ್ನ ಮಟ್ಟಿಗೆ ಕ್ಲಬ್ ಫಿನೆಸ್‌ಗಿಂತ ದೊಡ್ಡ ನಷ್ಟ ಇದು. ಮೂರಕ್ಕೇ ನಿಲ್ಲಿಸಿದರೆ ಡಮ್ಮಿಯಲ್ಲಿ ಒಂದು, ಕೈಯಲ್ಲಿ ಎರಡು ಉಳಿಯುತ್ತವೆ. ಈಗ ಹಾರ್ಟ್ 4ರಿಂದ ಡಮ್ಮಿಯ ಎಕ್ಕಕ್ಕೆ ಹೋಗಿ, ಮೂರನೆಯ ಹಾರ್ಟನ್ನು ಕೈಯಲ್ಲಿ ತುರುಫು ಹೊಡೆಯಿರಿ. ಎರಡೂ ಕಡೆ ಹಾರ್ಟ್ ಖಾಲಿ, ಎರಡೂ ಕಡೆ ಒಂದೊಂದು ತುರುಫು. ಆಮೇಲೆ ಡೈಮಂಡ್ ರಾಜ, ಡೈಮಂಡ್ ಎಕ್ಕ, ಕೊನೆಗೆ ಮೂರನೆಯ ಡೈಮಂಡನ್ನು ಅವರಿಗೇ ಬಿಟ್ಟುಕೊಡಿ.

ಈಗ ನಿಮ್ಮಲ್ಲಿ ಒಂದು ಸ್ಪೇಡ್, ಕ್ಲಬ್ ರಾಜ, ಗುಲಾಮ, 5. ಡಮ್ಮಿಯಲ್ಲಿ ಒಂದು ಸ್ಪೇಡ್, ಕ್ಲಬ್ ಎಕ್ಕ, 10, 3. ಡೈಮಂಡ್ ಗೆದ್ದವರು ಏನು ಆಡುತ್ತಾರೆ? ನಿಮ್ಮ ಮಂಡ್ಯದ ನಾಲೆಯಲ್ಲಿ ಬೇರೆಲ್ಲ ತೂಬು ಮುಚ್ಚಿ ಒಂದನ್ನೇ ತೆರೆದಿಟ್ಟರೆ ನೀರು ನಿಮ್ಮ ಗದ್ದೆಗೇ ಬರಬೇಕಲ್ಲ, ಹಾಗೆ.

ಪಶ್ಚಿಮದವರು ಕ್ಲಬ್ ಆಡಿದರೆ ಡಮ್ಮಿಯಿಂದ 3 ಹಾಕಿ. ಪೂರ್ವದವರು ರಾಣಿ ಹಾಕಿದರೆ ರಾಜ ಹೊಡೆಯುತ್ತಾನೆ, ಹಾಕದಿದ್ದರೆ ಗುಲಾಮನೇ ಗೆಲ್ಲುತ್ತಾನೆ. ಪೂರ್ವದವರು ಆಡಿದರೆ ಕೈಯಿಂದ 5 ಹಾಕಿ. ಪಶ್ಚಿಮದವರ ರಾಣಿಗೆ ಎಕ್ಕ ಇದೆ, ಬೇರೆ ಯಾವ ಎಲೆಗೂ 10 ಸಾಕು. ಕ್ಲಬ್ ಬಿಟ್ಟು ಹಾರ್ಟ್ ಅಥವಾ ಡೈಮಂಡ್ ಆಡಿದರೆ ಕೈಯಿಂದ ಕ್ಲಬ್ 5 ಎಸೆದು ಡಮ್ಮಿಯಲ್ಲಿ ತುರುಫು ಹೊಡೆಯಿರಿ. ಮಿಕ್ಕ ಕ್ಲಬ್‌ಗಳಿಗೆ ರಾಜ, ಎಕ್ಕ ಮತ್ತು ನಿಮ್ಮ ಕೊನೆಯ ಸ್ಪೇಡ್ ಇವೆ. ಹೇಗೆ ಬಂದರೂ 12.

ಕ್ರಮ ಮಾತ್ರ ತಪ್ಪಬಾರದು. ಹಾರ್ಟ್ ಖಾಲಿ ಮಾಡುವ ಮೊದಲೇ ಡೈಮಂಡ್ ಬಿಟ್ಟುಕೊಟ್ಟರೆ ಅವರು ಹಾರ್ಟ್ ಆಡಿ ಸಲೀಸಾಗಿ ತಪ್ಪಿಸಿಕೊಳ್ಳುತ್ತಾರೆ.

ತುರುಫು 4-0 ಆದರೆ? ಅದು ನೂರಕ್ಕೆ ಸುಮಾರು ಹತ್ತು ಸಲ. ಆಗ ನಾಲ್ಕೂ ಸುತ್ತು ಎಳೆಯಬೇಕಾಗುತ್ತದೆ, ಡಮ್ಮಿಯಲ್ಲಿ ತುರುಫು ಉಳಿಯುವುದಿಲ್ಲ, ಫಿನೆಸ್ ಅನಿವಾರ್ಯ. ಆದರೂ ಅದು ಕುರುಡು ಊಹೆಯಲ್ಲ. ಒಬ್ಬರ ಬಳಿ ನಾಲ್ಕು ಸ್ಪೇಡ್ ಇದ್ದರೆ ಅವರಲ್ಲಿ ಬೇರೆ ಎಲೆಗಳಿಗೆ 9 ಜಾಗ, ಸ್ಪೇಡ್ ಇಲ್ಲದವರಲ್ಲಿ 13. ಮೊದಲ ಲೆಕ್ಕಕ್ಕೆ ಕ್ಲಬ್ ರಾಣಿ ಸ್ಪೇಡ್ ಇಲ್ಲದವರ ಬಳಿ ಇರುವ ಸಾಧ್ಯತೆಯೇ ಹೆಚ್ಚು. ಹಾರ್ಟ್, ಡೈಮಂಡ್ ಆಡುವಾಗ ಬೀಳುವ ಎಲೆಗಳನ್ನೂ ಗಮನಿಸಿ ಆಮೇಲೆ ತೀರ್ಮಾನಿಸಿ.

‘ಈ ವಯಸ್ಸಿನಲ್ಲಿ ಇಷ್ಟೆಲ್ಲ ಎಣಿಕೆ ತಲೆಗೆ ಹತ್ತುವುದಿಲ್ಲ’ ಎಂದು ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ ಸರ್. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಡ್ಜ್ ಪುರುಷರ ಜೋಡಿ ವಿಭಾಗದ ಚಿನ್ನ ನಮ್ಮ ದೇಶಕ್ಕೆ ಬಂದಾಗ ಪ್ರಣಬ್ ಬರ್ಧನ್ ಅವರಿಗೆ 60, ಶಿಬ್‌ನಾಥ್ ಸರ್ಕಾರ್ ಅವರಿಗೆ 56. ಅಲ್ಲದೆ ಇಲ್ಲಿ 52 ಎಲೆಗಳನ್ನೂ ನೆನಪಿಡಬೇಕಾಗಿಲ್ಲ. ಎದುರಾಳಿಗಳ ನಾಲ್ಕು ತುರುಫು ಬಿದ್ದವೇ ಎಂದು ನೋಡಿದರೆ ಸಾಕು, ಮಿಕ್ಕದ್ದು ಕ್ರಮದ ವಿಷಯ. ವಲ್ನರಬಲ್ ಅಲ್ಲದ (ಬೋನಸ್ಸೂ ದಂಡವೂ ಕಡಿಮೆ ಇರುವ) ಆಟದಲ್ಲಿ ಆ ಕ್ರಮದ ಬೆಲೆ 980 ಅಂಕ. ಫಿನೆಸ್ ಕೈಕೊಟ್ಟರೆ ಮೈನಸ್ 50.

ಮನೆಯಲ್ಲಿ ಈ 26 ಎಲೆಗಳನ್ನು ಹರಡಿ, ಉಳಿದವನ್ನು ತುರುಫು 3-1 ಆಗುವಂತೆ ಹಂಚಿ, ರಾಣಿಯನ್ನು ಒಮ್ಮೆ ಪೂರ್ವಕ್ಕೆ ಒಮ್ಮೆ ಪಶ್ಚಿಮಕ್ಕೆ ಕೊಟ್ಟು ಆಡಿ ನೋಡಿ. ಆಮೇಲೆ ಡಮ್ಮಿಯ ಕ್ಲಬ್ 10ನ್ನು ತೆಗೆದು ಅಲ್ಲಿ 8 ಇಟ್ಟು ಮತ್ತೆ ಆಡಿ. ಆಗ ಮೂರನೆಯ ಡೈಮಂಡನ್ನು ಪಶ್ಚಿಮದವರು ಗೆದ್ದರಷ್ಟೇ ಆಟ ಖಚಿತ. ಪೂರ್ವದವರು ಗೆದ್ದು ಕ್ಲಬ್ ಆಡಿದರೆ ಮತ್ತೆ ಊಹೆಯೇ. ಆಗ ಪಶ್ಚಿಮದವರನ್ನೇ ಗೆಲ್ಲಿಸುವುದು ಯಾವ ಹಂಚಿಕೆಯಲ್ಲಿ ಸಾಧ್ಯ ಎಂದು ಯೋಚಿಸಿ ಇಲ್ಲಿ ಬರೆಯಿರಿ, ಮುಂದಿನ ಭಾನುವಾರ ಎಲೆ ಹಾಕಿಯೇ ಮಾತನಾಡೋಣ.