ಸೊಂಟಕ್ಕೂ ಪಕ್ಕೆಲುಬಿದ್ದ ಇಲಿ

ಬದಿಯಡ್ಕದ ಮಾಷ್ಟ್ರಿಗೆ ನಮಸ್ಕಾರ.

ಇಲಿಯ ಭ್ರೂಣದಲ್ಲಿ ಜೀನುಗಳು ಬೆನ್ನೆಲುಬನ್ನು ಹೇಗೆ ರೂಪಿಸುತ್ತವೆ ಎಂಬ ನಿಮ್ಮ ಆರು ಪುಟದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲಿಕ್ಕೆ ಆಗುವುದಿಲ್ಲ. ವಾಪಸು ಕಳಿಸಿ ಸುಮ್ಮನಿರಲಿಕ್ಕೂ ಮನಸ್ಸಿಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. ಡಿಎನ್‌ಎ ಏಣಿಯ ಹಾಗೆ, ಜೀವಕೋಶ ಕಾರ್ಖಾನೆಯ ಹಾಗೆ... ಇದೆಲ್ಲ ಕ್ಲಾಸಿನ ನೋಟ್ಸ್. 'ವಂಶವಾಹಿ ಅಭಿವ್ಯಕ್ತಿ' ಹನ್ನೊಂದು ಸಲ ಬಂದಿದೆ. ಅಭಿವ್ಯಕ್ತಿ ಅಂದರೆ ನಮ್ಮವರಿಗೆ ಕವಿಗೋಷ್ಠಿ ನೆನಪಾಗುತ್ತದೆ, ಅಲ್ವಾ? 'ಜೀನ್ ಕೆಲಸ ಶುರು ಮಾಡಿತು' ಅನ್ನಿ, ಸಾಕು.

ಲೇಖನಕ್ಕೆ ಜೀವ ಬರುವುದು ಮೂರನೇ ಪುಟದಲ್ಲಿ. ಭ್ರೂಣಕ್ಕೆ ಸುಮಾರು ಎಂಟು ದಿನ ಆಗುವಾಗ ಬೆನ್ನಿನ ಎರಡೂ ಬದಿ ಜೋಡಿ ಜೋಡಿಯಾಗಿ ಸಣ್ಣ ಗಂಟುಗಳು ಮೂಡುತ್ತವೆ. ಹೆಚ್ಚುಕಮ್ಮಿ ಎರಡು ಗಂಟೆಗೊಂದು ಜೋಡಿ, ಕೊನೆಗೆ 65ರಷ್ಟು. ಬೆನ್ನಿನ ಮಣಿಗಳಾಗುವುದು ಇವುಗಳಿಂದಲೇ. ಹೆಸ್7 ಎಂಬ ಜೀನ್ ಪ್ರೋಟೀನ್ ತಯಾರಿಸುತ್ತದೆ, ಆ ಪ್ರೋಟೀನೇ ಬಂದು ಜೀನಿನ ಬಾಯಿ ಮುಚ್ಚಿಸುತ್ತದೆ. ಪ್ರೋಟೀನ್ ಕರಗಿದ ಮೇಲೆ ಜೀನ್ ಮತ್ತೆ ಚಾಲೂ. ಎರಡು ಗಂಟೆಗೊಂದು ಜೋಡಿ ಮೂಡಿಸುವ ಗಡಿಯಾರ ನಡೆಯುವುದು ಹೀಗೆ. ಇಷ್ಟನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಸಿದ್ದೀರಿ! ಇಲ್ಲಿ ಸ್ವಲ್ಪ ನಿಲ್ಲಿ ಮಾರಾಯ್ರೆ. ಹೋಲಿಕೆ ಬೇಕಾದರೆ ತೋಟಕ್ಕೆ ಹೋಗಿ ಅಡಿಕೆಯ ಕಂಗು ನೋಡಿ. ಹಾಳೆ ಕಳಚಿ ಬಿದ್ದಲ್ಲೆಲ್ಲ ಒಂದೊಂದು ಬಳೆ. ಕಂಗಿಗೆ ಬಳೆ ಏರುವುದು ಮೇಲಕ್ಕೆ, ಇಲಿಗೆ ಬಾಲದ ಕಡೆಗೆ.

ಆದರೆ ಕಂಗಿನ ಬಳೆಗಳೆಲ್ಲ ಒಂದೇ ಥರ. ಇಲಿಯ ಮಣಿಗಳು ಹಾಗಲ್ಲ. ಕುತ್ತಿಗೆಗೆ 7, ಎದೆಗೆ 13, ಸೊಂಟಕ್ಕೆ ಸಾಮಾನ್ಯವಾಗಿ 6. ಯಾವ ಮಣಿ ಎಂಥದಾಗಬೇಕು ಎಂಬುದು ಹಾಕ್ಸ್ ಜೀನುಗಳ ಕೈಯಲ್ಲಿದೆ. ನೀವು ಎಡವಿದ್ದೂ ಇಲ್ಲೇ. 'ಹಾಕ್ಸ್10 ಪಕ್ಕೆಲುಬು ಮೂಡಿಸುತ್ತದೆ' ಎಂದು ಬರೆದಿದ್ದೀರಿ. ಉಲ್ಟಾ! ಅದು ಪಕ್ಕೆಲುಬು ಬಾರದಂತೆ ತಡೆಯುತ್ತದೆ. ಇಲಿಯಲ್ಲಿ ಹಾಕ್ಸ್10 ಗುಂಪಿನ ಜೀನುಗಳು ಮೂರಿವೆ. ಮೂರನ್ನೂ ಕೆಡಿಸಿದರೆ ಸೊಂಟದ ಮಣಿಗಳಿಗೂ ಪಕ್ಕೆಲುಬು ಬರುತ್ತದೆ ಎಂದು ವಿಜ್ಞಾನಿಗಳಾದ ವೆಲಿಕ್ ಮತ್ತು ಕಪೆಕ್ಕಿ 2003ರಲ್ಲಿ ತೋರಿಸಿದರು. ಇಂಥ ಇಲಿಯನ್ನು ಐದನೇ ಪುಟದಲ್ಲಿ ಅಡಗಿಸಿ ಇಡುವುದಾ? ಲೇಖನ ಅದರಿಂದಲೇ ಶುರುವಾಗಲಿ. ತಪ್ಪು ಮಾತ್ರ ಮೊದಲು ತಿದ್ದಿ.

'ಪ್ರಕೃತಿಯ ಲೀಲೆ ಅಗಾಧ' ಎಂಬ ಕೊನೆಯ ಪ್ಯಾರಾ ಬೇಡ.

ಹೊಸತಾಗಿ ಬರೆದದ್ದನ್ನು ನಿಮ್ಮ ಕನ್ನಡ ಮೀಡಿಯಂ ಮಕ್ಕಳಿಗೆ ಓದಿ ಹೇಳಿ. ಎಲ್ಲಿ ಆಕಳಿಸುತ್ತಾರೋ ಅಲ್ಲಿ ಕತ್ತರಿ ಹಾಕಿ. ಮೂರು ಪುಟ ಸಾಕು. ಮಳೆ ಹಿಡಿಯುವ ಮೊದಲೇ ಕಳಿಸಿ, ಆಮೇಲೆ ನಮ್ಮಲ್ಲಿ ಕರೆಂಟಿನ ಕತೆ ನಿಮಗೆ ಗೊತ್ತೇ ಇದೆ.