ವಿಮರ್ಶೆ ಮಾಡಿದರೆ ಕಥೆಯ ಮೇಲಿನ ಪ್ರೀತಿ ಕಮ್ಮಿ ಆಗುತ್ತಾ?

ಕಥೆ ಅಂದ್ರೆ ಪ್ರಾಣ, ಆದರೆ ಕಾಲೇಜಿನಲ್ಲಿ ವಿಮರ್ಶೆ ಬರೆಯಲು ಹೇಳಿದರೆ ಸವಿ ಕೆಡುತ್ತದೆ ಎಂದಿದ್ದೀರಿ. ನನಗಂತೂ ಸವಿ ಜಾಸ್ತಿಯೇ ಆಗಿದೆ.

ಕವಿ, ಜಾನಪದ ವಿದ್ವಾಂಸ ಎ. ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕನ್ನಡ ಜನಪದ ಕಥೆ ನೋಡಿ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಅವು ಒಳಗೇ ಉಸಿರುಗಟ್ಟಿ, ಹೊರಬಂದು ಒಂದು ಜೊತೆ ಬೂಟು ಮತ್ತು ಗಂಡಸಿನ ಕೋಟು ಆದವು. ಇವು ಯಾರವು ಎಂದು ಗಂಡ ಜಗಳವಾಡಿ, ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಅಲ್ಲಿ ಸೇರಿ ಮಾತಾಡುವಾಗ ಅವನಿಗೆ ನಿಜ ತಿಳಿಯಿತು. ಮನೆಗೆ ಬಂದು ಕೇಳಿದರೆ, ಅವಳಿಗೆ ಎರಡೂ ಮರೆತೇ ಹೋಗಿತ್ತು!

ಈಗ ಪ್ರಶ್ನೆ ಹಾಕಿ. ನಿಜ ಹೇಳಲು ದೀಪಗಳೇ ಯಾಕೆ? ಮನೆಯೊಳಗಿನದನ್ನೆಲ್ಲ ನೋಡಿರೋದು ಅವೇ, ಅಲ್ವಾ? ಗಂಡಸಿನ ಕೋಟೇ ಯಾಕೆ? ಹೆಂಗಸು ಸುಮ್ಮನಿದ್ದರೂ ಅನುಮಾನ ಹುಟ್ಟುತ್ತದೆ ಎನ್ನುವುದು ಅಲ್ಲಿದೆ. ಕೊನೆಗೂ ಆ ಕಥೆ ಏನೆಂದು ನಮಗೂ ಸಿಗುವುದಿಲ್ಲ. ಅದು ನನ್ನನ್ನು ತುಂಬ ಕಾಡಿದೆ.

ಬರೆಯುವಾಗ ಸುಮ್ನೆ ಸಾರಾಂಶ ಕೊಡಬೇಡಿ. ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದು ಜಾಗ ಆರಿಸಿ, ಅದು ಹಾಗೇ ಯಾಕಿದೆ ಎಂದು ಬರೆಯಿರಿ.