ಸಂವಿಧಾನದಲ್ಲಿ ಒಂದು ಸಾಲು ಇದ್ದ ಮಾತ್ರಕ್ಕೆ ಕಾನೂನೆಲ್ಲ ಷರಿಯಾ ಆಗುವುದಿಲ್ಲ

ಪ್ರಶ್ನೆ: ಈಜಿಪ್ಟ್ ಸಂವಿಧಾನದ 2ನೇ ವಿಧಿಯಲ್ಲಿ ‘ಷರಿಯಾದ ತತ್ವಗಳೇ ಶಾಸನದ ಪ್ರಮುಖ ಮೂಲ’ ಎಂದಿದೆ. ಹಾಗಾದರೆ ಅಲ್ಲಿನ ಜಡ್ಜ್‌ಗಳು ಕುರಾನ್ ನೋಡಿಯೇ ತೀರ್ಪು ಕೊಡುತ್ತಾರೆ ಅಲ್ವಾ?

ಅಲ್ಲ. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ, ಜೊತೆಗೆ ಒಂದು ಯೂಟ್ಯೂಬ್ ಲಿಂಕೂ ಇರುತ್ತದೆ. ಸಂವಿಧಾನದ ಒಂದು ಸಾಲು ತೋರಿಸಿ, ಇಡೀ ದೇಶದ ಕಾನೂನೇ ಹೀಗೆ ಎನ್ನುವವರನ್ನು ದಯವಿಟ್ಟು ನಂಬಬೇಡಿ. ಆ ಸಾಲಿನ ಮೇಲೆ ಬಂದ ತೀರ್ಪುಗಳ ಹೆಸರನ್ನೂ ಅವರು ಎತ್ತುವುದಿಲ್ಲ. ನಿಜವಾದ ವಿಷಯ ಇರುವುದೇ ಅಲ್ಲಿ.

1971ರ ಸಂವಿಧಾನದಲ್ಲಿ ಷರಿಯಾದ ತತ್ವಗಳು ಶಾಸನದ ‘ಒಂದು’ ಪ್ರಮುಖ ಮೂಲ ಮಾತ್ರ ಆಗಿದ್ದವು. 1980ರ ಮೇ ತಿಂಗಳ ತಿದ್ದುಪಡಿ ಅವನ್ನೇ ಪ್ರಮುಖ ಮೂಲ ಮಾಡಿತು. ಆಮೇಲೆ ಏನಾಯಿತು ನೋಡಿ. ಅಲ್ ಅಜರ್ ವಿಶ್ವವಿದ್ಯಾಲಯ ತನ್ನ ವೈದ್ಯಕೀಯ ವಿಭಾಗಕ್ಕೆ ಶಸ್ತ್ರಚಿಕಿತ್ಸೆಯ ಸಲಕರಣೆ ಕೊಂಡು ಹಣ ಬಾಕಿ ಉಳಿಸಿಕೊಂಡಿತ್ತು. ಬಾಕಿಗೆ ಶೇ 4ರ ಬಡ್ಡಿ ಸೇರಿಸಿ ಕೊಡಬೇಕು ಎಂದು ಆದೇಶವಾಯಿತು. ಸಿವಿಲ್ ಕೋಡ್‌ನ 226ನೇ ಕಲಂ ಇರುವುದೇ ಹಾಗೆ. ಬಡ್ಡಿ ಷರಿಯಾಕ್ಕೆ ವಿರುದ್ಧ, ಆ ಕಲಂ ರದ್ದಾಗಲಿ ಎಂದು ಅಲ್ ಅಜರ್ ವಾದಿಸಿತು. ಸುನ್ನಿ ಜಗತ್ತಿನ ಅತಿ ದೊಡ್ಡ ವಿದ್ಯಾಕೇಂದ್ರದ ವಾದ ಅದು, ಸುಮ್ನೆ ಯಾರೋ ಹಾಕಿದ ಅರ್ಜಿ ಅಲ್ಲ.

1985ರಲ್ಲಿ ಸುಪ್ರೀಂ ಸಾಂವಿಧಾನಿಕ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. 2ನೇ ವಿಧಿ ಕಟ್ಟಿಹಾಕುವುದು ಸಂಸತ್ತನ್ನು, ಅದೂ 1980ರ ನಂತರ ಮಾಡುವ ಕಾನೂನುಗಳ ಮಟ್ಟಿಗೆ ಎಂದಿತು. ಹಳೆಯ ಕಾನೂನುಗಳನ್ನು ಸರಿಪಡಿಸುವ ಹೊಣೆ ಶಾಸಕರದ್ದು, ಕೋರ್ಟಿನದ್ದಲ್ಲ. ಸಿವಿಲ್ ಕೋಡ್ 1948ರದ್ದು. ಹಾಗಾಗಿ ಬಡ್ಡಿಯ ಕಲಂ ಉಳಿಯಿತು.

ಹೊಸ ಕಾನೂನುಗಳ ಕಥೆ? ಅದಕ್ಕೆ 1996ರ ನಿಕಾಬ್ (ಮುಖ ಮುಚ್ಚುವ ಪರದೆ) ತೀರ್ಪು ಓದಬೇಕು. ಶಾಲೆಯಲ್ಲಿ ಮುಖ ಮುಚ್ಚುವಂತಿಲ್ಲ, ಕೂದಲು ಮುಚ್ಚಬಹುದು ಎಂದು 1994ರಲ್ಲಿ ಶಿಕ್ಷಣ ಸಚಿವರು ಆದೇಶ ಹೊರಡಿಸಿದ್ದರು. ತಂದೆಯೊಬ್ಬರು ತಮ್ಮ ಇಬ್ಬರು ಹೆಣ್ಣುಮಕ್ಕಳ ಪರವಾಗಿ ಕೋರ್ಟಿಗೆ ಹೋದರು. ನ್ಯಾಯಾಲಯ ಷರಿಯಾದ ನಿಯಮಗಳನ್ನು ಎರಡಾಗಿ ನೋಡಿತು. ಮೂಲವೂ ಅರ್ಥವೂ ಸಂಶಯವಿಲ್ಲದಷ್ಟು ಖಚಿತವಾಗಿರುವ ನಿಯಮಗಳನ್ನು ಯಾವ ಕಾನೂನೂ ಮೀರುವಂತಿಲ್ಲ. ಪಂಡಿತರಲ್ಲೇ ಭಿನ್ನಾಭಿಪ್ರಾಯ ಇರುವ ಕಡೆ ಕಾಲಕ್ಕೆ, ಜನಹಿತಕ್ಕೆ ತಕ್ಕಂತೆ ಇಜ್ತಿಹಾದ್, ಅಂದರೆ ಹೊಸದಾಗಿ ವಿಚಾರ ಮಾಡಿ ನಿರ್ಧರಿಸುವ ಅವಕಾಶ ಸರ್ಕಾರಕ್ಕಿದೆ. ನಿಕಾಬ್ ಎರಡನೇ ಗುಂಪಿಗೆ ಸೇರಿತು. ಸಚಿವರ ಆದೇಶ ಉಳಿಯಿತು.

ಅಂದರೆ 2ನೇ ವಿಧಿಗೆ ಬೆಲೆಯೇ ಇಲ್ಲ ಅಂತ ಬರೆದುಕೊಳ್ಳಬೇಡಿ, ಅದೂ ತಪ್ಪು. ಅದರ ಅರ್ಥ ಹೇಳುವವರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅದಕ್ಕೇ ಅಷ್ಟು ಜಗಳ. 2012ರ ಸಂವಿಧಾನ 219ನೇ ವಿಧಿ ಸೇರಿಸಿ, ‘ತತ್ವಗಳು’ ಎಂದರೆ ಏನೆಂದು ಸಾಂಪ್ರದಾಯಿಕ ಫಿಕ್ಹ್‌ನ, ಅಂದರೆ ಇಸ್ಲಾಮಿಕ್ ಧರ್ಮಶಾಸ್ತ್ರದ ಭಾಷೆಯಲ್ಲೇ ಬರೆಯಿತು. ಷರಿಯಾದ ವಿಷಯದಲ್ಲಿ ಅಲ್ ಅಜರ್‌ನ ಹಿರಿಯ ವಿದ್ವಾಂಸರ ಅಭಿಪ್ರಾಯ ಕೇಳಬೇಕೆಂದೂ ಹೇಳಿತು. 2014ರ ಸಂವಿಧಾನ ಎರಡನ್ನೂ ಕೈಬಿಟ್ಟಿತು, 2ನೇ ವಿಧಿ ಮಾತ್ರ ಉಳಿಯಿತು. ಇರಾನ್‌ನಲ್ಲಿ ದಾರಿಯೇ ಬೇರೆ. ಸಂಸತ್ತು ಪಾಸು ಮಾಡಿದ ಪ್ರತಿ ಮಸೂದೆ 12 ಸದಸ್ಯರ ಗಾರ್ಡಿಯನ್ ಕೌನ್ಸಿಲ್ ದಾಟಬೇಕು. ಇಸ್ಲಾಂಗೆ ಹೊಂದುತ್ತದೋ ಇಲ್ಲವೋ ಎಂದು ಹೇಳುವವರು ಅದರಲ್ಲಿರುವ 6 ಧರ್ಮಶಾಸ್ತ್ರಜ್ಞರು. ಇವೆರಡನ್ನೂ ‘ಷರಿಯಾ ದೇಶ’ ಎಂದು ಒಂದೇ ಚೀಲಕ್ಕೆ ತುಂಬಿದರೆ ನಿಮಗೆ ಯಾವುದೂ ಅರ್ಥವಾಗುವುದಿಲ್ಲ.

ಪ್ರಶ್ನೆ: ಪಾಕಿಸ್ತಾನದಲ್ಲಿ ಬ್ಯಾಂಕ್ ಬಡ್ಡಿ ನಿಷೇಧವಂತೆ, ಹೌದಾ?

ಕಾನೂನುಗಳು ಇಸ್ಲಾಂಗೆ ಹೊಂದುತ್ತವೋ ಇಲ್ಲವೋ ಎಂದು ನೋಡುವ ಅಲ್ಲಿನ ಫೆಡರಲ್ ಷರಿಯತ್ ಕೋರ್ಟ್ 1991ರಲ್ಲೇ ಬಡ್ಡಿಯನ್ನು ಅಸಿಂಧು ಎಂದಿತು. 2002ರಲ್ಲಿ ಆ ತೀರ್ಪು ಬಿದ್ದುಹೋಯಿತು, 2022ರಲ್ಲಿ ಅದೇ ಕೋರ್ಟ್ ಮತ್ತೆ ಹಾಗೇ ಹೇಳಿತು. ಸಂವಿಧಾನದ 26ನೇ ತಿದ್ದುಪಡಿ (2024) ಬಡ್ಡಿ ತೆಗೆದುಹಾಕಲು 2028ರ ಜನವರಿ 1ರ ಗಡುವು ಹಾಕಿದೆ, ಅದೂ ‘ಸಾಧ್ಯವಾದಷ್ಟು ಮಟ್ಟಿಗೆ’.

ಪ್ರಶ್ನೆ: ಮುಸ್ಲಿಮರೇ ಹೆಚ್ಚಿರುವ ಎಲ್ಲ ದೇಶಗಳಲ್ಲೂ ಇಸ್ಲಾಂ ರಾಜ್ಯಧರ್ಮ ಅಲ್ವಾ?

ಅಲ್ಲ. ಟರ್ಕಿ 1928ರಲ್ಲೇ ಆ ಸಾಲು ತೆಗೆಯಿತು, ಸೆನೆಗಲ್ ಸೆಕ್ಯುಲರ್ ಗಣರಾಜ್ಯ, ಇಂಡೊನೇಷ್ಯಾದಲ್ಲಿ ರಾಜ್ಯಧರ್ಮದ ಬದಲು ಪಂಚಶೀಲ ಎಂಬ ಐದು ರಾಷ್ಟ್ರತತ್ವಗಳಿವೆ (ನೆಹರೂ ಕಾಲದ ಪಂಚಶೀಲ ಅಲ್ಲ). ಅವನ್ನು ಅವರು ಪಂಚಸಿಲ ಎನ್ನುತ್ತಾರೆ.

ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಇಸ್ಲಾಮಿಕ್ ಸಂವಿಧಾನಗಳ ಪಟ್ಟಿ ಕಳಿಸಿ.

ಕಳಿಸುವುದಿಲ್ಲ. ಬಾಂಗ್ಲಾದೇಶವನ್ನೇ ನೋಡಿ: 1972ರಲ್ಲಿ ಜಾತ್ಯತೀತತೆ, 1988ರಲ್ಲಿ ಇಸ್ಲಾಂ ರಾಜ್ಯಧರ್ಮ, 2011ರಲ್ಲಿ ಎರಡೂ ಒಟ್ಟಿಗೆ. ಪಟ್ಟಿಯ ಯಾವ ಕಾಲಂನಲ್ಲಿ ಬರೆಯುತ್ತೀರಿ?

ಪ್ರಶ್ನೆ: ಸೌದಿಗೆ ಸಂವಿಧಾನವೇ ಇಲ್ಲವಂತೆ, ನಿಜವಾ?

1992ರಿಂದ ‘ಆಡಳಿತದ ಮೂಲ ಕಾನೂನು’ ಎಂಬುದಿದೆ. ಕುರಾನ್ ಮತ್ತು ಪ್ರವಾದಿಯವರ ಸುನ್ನತ್ತೇ (ಅವರ ನಡೆನುಡಿಯ ಮಾದರಿ) ನಮ್ಮ ಸಂವಿಧಾನ ಎಂದು ಅದರ ಮೊದಲ ವಿಧಿಯೇ ಹೇಳುತ್ತದೆ.